ಮೈದುನನ ಲಗ್ನಕ್ಕ ಪಡಸಾಲಿ ಬಣ್ಣ

ನಮ್ಮನ್ಯಾಗ ಯಾವ ಕೆಲಸಕ್ಕ ಕೈ ಹಾಕಿದ್ರೂ ಅದು ಸೀದಾ ಆಗೂದು ಅಂತ ಇಲ್ಲೇ ಇಲ್ಲ. ಬ್ಯಾರೆಯವರ ಮನ್ಯಾಗ ಮಂದಿ ಬರ್ತಾರ, ಬಣ್ಣ ಹಚ್ಚತಾರ, ಹೋಗ್ತಾರ. ನಮ್ಮಲ್ಲಿ ಒಂದು ಮೊಳಿ ಹೊಡಿಬೇಕಂದ್ರೂ ಓಣಿ ಮಂದಿ ಎಲ್ಲಾ ಕೂಡಿ ನಗೂವಂಥಾದ್ದು ಏನರೆ ಒಂದು ಆಗಬೇಕು. ಮೊದಮೊದಲು ನನಗ ಸಿಟ್ಟು ಬರ್ತಿತ್ತು. ಈಗ ನಾನೇ ಎಲ್ಲಾರಿಗೂ ಹೇಳ್ಕೊಂತ ಅಡ್ಡಾಡ್ತೇನಿ.

ನಮ್ಮದು ನವಲಗುಂದ ತಾಲೂಕಿನ ಒಂದು ಹಳ್ಳಿ. ನಾನು ಮನ್ಯಾಗ ಹೊಲಿಗಿ ಮಷಿನ್ ಇಟ್ಕೊಂಡು ಓಣಿ ಹೆಣ್ಮಕ್ಕಳ ಜಂಪರ ಹೊಲಿತೇನಿ. ನಮ್ಮನಿಯವರು, ಅವರ ತಮ್ಮ, ಅಂದ್ರ ನನ್ನ ಮೈದುನ, ಇಬ್ಬರೂ ಕೂಡಿ ಹೊಲ ಮಾಡ್ತಾರ. ಮನ್ಯಾಗ ಅತ್ತಿ ಅದಾರ. ಅವರ ಕಣ್ಣು ಮಬ್ಬಾಗ್ಯಾವ, ಬಾಯಿ ಮಾತ್ರ ಇನ್ನೂ ಅಗದಿ ಚುರುಕು.

ಈ ಮೈದುನಂದೇ ಎಲ್ಲಾ ಕತಿ. ವಯಸ್ಸು ಮೂವತ್ನಾಕು. ಎರಿ ಹೊಲ ಐತಿ, ಹೆಸರು, ಕಡ್ಲಿ, ಹತ್ತಿ ಚೊಲೊ ಬೆಳಿತಾನ, ಒಂದು ಚಟ ಇಲ್ಲ. ಆದ್ರ ಮಂದಿ ಮುಂದ ಬಾಯಿ ಬಿಡಂಗಿಲ್ಲ. ಈಗಿನ ಹೆಣ್ಣಿನವರು ಹುಡುಗಗ ಪಗಾರ ಎಷ್ಟು ಅಂತ ಕೇಳ್ತಾರ, ಹೊಲ ಎಷ್ಟು ಅಂತ ಕೇಳಂಗಿಲ್ಲ. ಸಂಬಂಧ ಬರ್ತಿದ್ವು, ಚಾ ಕುಡಿದು ಹೋಗ್ತಿದ್ವು. ಪಾಪ, ಬಂದವರು ಹೋದ ಮ್ಯಾಲ ಅಂವ ತಾನೇ ಕಪ್ಪು ಬಶಿ ತೊಳದು ಬೋರಲ ಹಾಕತಿದ್ದ.

ನಮ್ಮ ಕಡೆ ಲಗ್ನಕ್ಕ ಮೊದಲು ಹೆಣ್ಣಿನವರು ಬಂದು ಗಂಡಿನವರ ಮನಿ ನೋಡ್ತಾರ. ನೋಡೂದಂದ್ರ ಬರೇ ಕೂತು ಎದ್ದು ಹೋಗೂದಲ್ಲ. ಅಡಗಿಮನಿ, ಹಿತ್ತಲ, ದನದ ಮನಿ, ಬಚ್ಚಲ, ಎಲ್ಲಾ ಕಡೆ ಹಣಿಕಿ ಹಾಕಿ ನೋಡ್ತಾರ. ಹ್ವಾದ ವರ್ಷ ಹಿಂಗೇ ಒಬ್ಬ ಹಿರಿಯರು ಕರಿ ಕೋಟು ಹಾಕ್ಕೊಂಡು ಬಂದು ನಮ್ಮ ಪಡಸಾಲ್ಯಾಗ ಗ್ವಾಡಿಗೆ ಆನಿಸಿ ಕೂತ್ರು. ಏಳೂವಾಗ ನೋಡಿದ್ರ ನಮ್ಮ ಗ್ವಾಡಿ ಸುಣ್ಣ ಎಲ್ಲಾ ಅವರ ಬೆನ್ನಿಗೆ ಬಂದಿತ್ತು. ಮೈದುನ ಗಾಬರಿ ಆಗಿ, ಒಂದು ಮಾತೂ ಆಡದ, ಹಿಂದಿನಿಂದ ಹೋಗಿ ಟವೆಲ್ಲಿಲೆ ಫಟಾಫಟ ಝಾಡಿಸಿಬಿಟ್ಟ. ಆ ಹಿರಿಯರಿಗೆ ಸುಣ್ಣ ಹತ್ತಿದ್ದು ಗೊತ್ತೇ ಇಲ್ಲ. ಹುಡುಗ ಬೆನ್ನಿಗೆ ಹೊಡದದ್ದಷ್ಟೇ ಗೊತ್ತು. ಆ ಸಂಬಂಧ ಅಲ್ಲಿಗೇ ಮುಗೀತು.

ಅದಕ್ಕ ಈ ಸಲ ಕುಂದಗೋಳ ಕಡೆಯಿಂದ ಒಂದು ಸಂಬಂಧ ಬಂದು, "ಅಮಾಸಿ ಕಳದ ಸೋಮವಾರ ಮನಿ ನೋಡಾಕ ಬರ್ತೇವಿ" ಅಂದಾಗ, ಅತ್ತಿ ಅಪ್ಪಣಿ ಕೊಟ್ರು. "ಮೊದಲು ಗ್ವಾಡಿ, ಆಮ್ಯಾಲ ಹುಡುಗಿ. ಒಳಗ ಎಲ್ಲಾ ಬಣ್ಣ ಹಚ್ಚಸ್ರಿ."

೧. ನಿಚ್ಚಣಿಕಿ

ಬಣ್ಣದ ಕಂತ್ರಾಟದಾರ ಅಣ್ಣಿಗೇರಿಯಾಂವ. ಮೋಟಾರ್ ಸೈಕಲ್ ಮ್ಯಾಲ ಬಂದ, ಪಡಸಾಲಿ ಗ್ವಾಡಿಗೆ ಬೆರಳಿಲೆ ಟಕಟಕ ಬಡದ, ಕಿವಿ ಹಚ್ಚಿ ಕೇಳಿದ, ಕಣ್ಣು ಮುಚ್ಚಿ ತಲಿ ಅಲ್ಲಾಡಿಸಿದ. ಅತ್ತಿಗೆ ಇದು ಭಾಳ ಸೇರತು. "ಡಾಕ್ಟರ್ ಸೈತ ಇಷ್ಟು ನೋಡಂಗಿಲ್ಲ" ಅಂದ್ರು.

ಅಂವಂದು ಒಂದೇ ಮಾತು. "ಆತ್ರಿ."

"ನಾಳಿಯಿಂದ ಸುರು ಮಾಡ್ತೀರೇನು?"

"ಆತ್ರಿ."

"ಸೋಮವಾರದೊಳಗ ಮುಗಿಬೇಕು."

"ಆತ್ರಿ."

"ಈ ಮೂಲ್ಯಾಗ ಬಿರಕ ಬಿಟ್ಟೈತಲ್ಲ, ಇದಕ್ಕೇನು ಮಾಡ್ತೀರಿ?"

ಇದಕ್ಕ ಮಾತ್ರ ಅಂವ ಆತ್ರಿ ಅನ್ನಲಿಲ್ಲ. "ಎರಿ ಭೂಮಿ ಐತ್ರಿ ಅಕ್ಕಾರ. ಬ್ಯಾಸಿಗ್ಯಾಗ ಬಾಯಿ ತೆರಿತೈತಿ, ಮಳಿ ಬಿದ್ದ ಮ್ಯಾಲ ತಾನೇ ಮುಚ್ಚತೈತಿ. ನಡುವ ನಾವ್ಯಾಕ ಕೈ ಹಾಕೂದು?" ಅಂದ. ಲಪ್ಪಿ ಹಾಕಿ ಮುಚ್ಚು ಮಾರಾಯ ಅಂದೆ. "ಆತ್ರಿ" ಅಂದ.

ಮರುದಿನ ಟೆಂಪೋದಾಗ ಒಂದು ಉದ್ದನ್ನ ನಿಚ್ಚಣಿಕಿ ಬಂತು, ಎರಡು ಖಾಲಿ ಡಬ್ಬಿ ಬಂದ್ವು. ಮಂದಿ ಬರಲಿಲ್ಲ. ಅದರ ಮರುದಿನಾನೂ ಇಲ್ಲ. ಫೋನ್ ಹಚ್ಚಿದ್ರ "ದಾರ್‍ಯಾಗ ಅದೀನ್ರಿ" ಅಂತಿದ್ದ. ಅಣ್ಣಿಗೇರಿಯಿಂದ ನಮ್ಮೂರಿಗೆ ಅದೆಂಥಾ ದಾರಿನೋ ಏನೋ, ಮುಗಿಯೂದೇ ಇಲ್ಲ.

ಆಮ್ಯಾಲ ಗೊತ್ತಾತು ಇವರ ರೀತಿ. ಬಸ್ಸಿನ್ಯಾಗ ಕಿಡಕ್ಯಾಗಿಂದ ಸೀಟಿನ ಮ್ಯಾಲ ಟವೆಲ್ಲು ಒಗದು ಜಾಗಾ ಹಿಡಿತಾರಲ್ಲ, ಹಂಗ ಇವರು ನಿಚ್ಚಣಿಕಿ ಇಟ್ಟು ಮನಿ ಹಿಡಿತಾರ. ನಿಚ್ಚಣಿಕಿ ಇದ್ದ ಮನಿಗೆ ಬ್ಯಾರೆ ಬಣ್ಣದವರು ಬರಂಗಿಲ್ಲ. ಹಿಂಗ ಅಂವ ಮೂರು ಊರಾಗ ಮನಿ ಹಿಡದಿಟ್ಟಿದ್ದ.

ಒಂದಿನ ಮಧ್ಯಾಹ್ನ ಅವನ ಆಳು ಬಂದು, "ಅಕ್ಕಾರ, ನಿಚ್ಚಣಿಕಿ ಒಯ್ತೇನ್ರಿ. ಅಲ್ಲೊಂದು ಮನ್ಯಾಗ ಮ್ಯಾಲಿನ ಕೋಟ ಉಳದೈತಿ, ಉದ್ದನ್ನದು ಇದೊಂದೇ ಐತಿ, ಸಂಜಿಗೆ ತಂದು ಬಿಡ್ತೇನಿ" ಅಂದ. ಕಟ್ಟಿ ಮ್ಯಾಲ ಕೂತಿದ್ದ ಅತ್ತಿ ಎದ್ರು. ಸಾವಕಾಶ ಹಿತ್ತಲಕ್ಕ ಹೋದ್ರು. ಎಮ್ಮಿ ಕೊಳ್ಳಾಗಿನ ಸರಪಳಿ ಬಿಚ್ಚಿಕೊಂಡು ಬಂದ್ರು. ನಿಚ್ಚಣಿಕಿನ್ನ ಪಡಸಾಲಿ ಕಂಬಕ್ಕ ಸುತ್ತಿ ಕೀಲಿ ಹಾಕಿ, ಕೀಲಿಕೈ ನಡಕ್ಕ ಸಿಗಿಸಿಕೊಂಡು ಮತ್ತ ಕಟ್ಟಿ ಮ್ಯಾಲ ಕೂತ್ರು. ಎಮ್ಮಿ ಹೋಗಿ ಬಾಜು ಮನಿ ಕಣಕಿ ತಿನ್ನಾಕತ್ತಿತ್ತು. ನಾನು ಬಡಕೊಂಡೆ, "ಅತ್ತಿ, ಎಮ್ಮಿ!"

"ಎಮ್ಮಿ ಎಲ್ಲಿ ಹೋದ್ರೂ ಸಂಜಿಗೆ ತಾನೇ ಮನಿಗೆ ಬರತೈತಿ. ಇದು ಹೋದ್ರ ಬರಂಗಿಲ್ಲ" ಅಂದ್ರು.

ಮರುದಿನ ಮುಂಜಾನೆ ಕಂತ್ರಾಟದಾರ ಇಬ್ಬರು ಆಳು ಕರಕೊಂಡು ಓಡಿಬಂದ. "ಅವ್ವಾರ, ಅದೊಂದು ಇಲ್ದ ಎರಡು ಮನಿ ಕೆಲಸ ನಿಂತೈತ್ರಿ. ಬಿಟ್ಟು ಕೊಡ್ರಿ" ಅಂತ ಕೈ ಮುಗದ.

ಅತ್ತಿ ಅಂದ್ರು, "ನಮ್ಮನಿ ಮುಗಿಸು, ಒಯ್ಯಿ. ಅಲ್ಲೀತನಕ ನೀನೂ ದಿನಾ ಬಾ. ಬರಂಗಿಲ್ಲ ಅಂದ್ರ ಹೇಳು, ಇನ್ನೊಂದು ಸರಪಳಿ ಐತಿ."

೨. ಖಾಲಾನ ಜಂಪರ

ಮಂದಿ ಬಂದ್ರು, ಇನ್ನ ಬಣ್ಣ ಯಾವುದು? ಅತ್ತಿ ಅರಿಷಿಣ ಬಣ್ಣ ಅಂದ್ರು, ಶುಭ ಅಂತ. ನಮ್ಮನಿಯವರು ಮಣ್ಣಿನ ಬಣ್ಣ ಅಂದ್ರು, ಹೊಲಸು ಕಾಣಂಗಿಲ್ಲ ಅಂತ. ಮೈದುನನ್ನ ಕೇಳಿದೆ. "ನಿಮಗ ತಿಳದಂಗ ಮಾಡ್ರಿ ವೈನಿ" ಅಂದು ಹೊಲಕ್ಕ ಹೊಂಟ. ಹೊಸ್ತಲ ದಾಟಿದಾಂವ ತಿರುಗಿ ಬಂದು, ಕೆಳಗ ನೋಡ್ಕೊಂತ ಕೇಳಿದ, "ಹೆಣ್ಮಕ್ಕಳಿಗೆ ಯಾವ ಬಣ್ಣ ಸೇರತೈತ್ರಿ ವೈನಿ?"

ಆವಾಗ ನಾ ಗಟ್ಟಿ ಮಾಡಿದೆ, ಬಣ್ಣ ನಾನೇ ಆರಿಸಬೇಕು ಅಂತ.

ಕಂತ್ರಾಟದಾರ ಬಣ್ಣದ ಪುಸ್ತಕ ತೋರಿಸಿದ. ಹೆಬ್ಬಟ್ಟಿನಷ್ಟು ಚೌಕ ನೋಡಿ ಒಂದು ಗ್ವಾಡಿ ಹೆಂಗ ಕಾಣತೈತಿ ಅಂತ ಹೇಳಾಕ ನನಗಾಗಂಗಿಲ್ಲ. ನಾನು ಅರಿವಿ ನೋಡಿ ಬಣ್ಣ ಹೇಳಾಕಿ. ಹೊಲಿಗಿ ಬುಟ್ಟ್ಯಾಗ ಕೈ ಹಾಕಿ ತಿಳಿ ಗಿಳಿ ಹಸರಿನ ಜಂಪರ ಪೀಸ್ ಒಂದು ತಗದು ಕೊಟ್ಟೆ. "ಬರೋಬ್ಬರಿ ಹಿಂಗ ಇರಬೇಕು. ತೋರಿಸಿ, ತಿರುಗಿ ತಂದು ಕೊಡ್ರಿ. ಮಂದೀದು ಐತಿ."

"ಆತ್ರಿ" ಅಂದು ಕಿಸೆದಾಗ ಇಟ್ಕೊಂಡು ಹುಬ್ಬಳ್ಳಿಗೆ ಹೋದ. ಅಲ್ಲಿ ಮಷಿನ್ನಿನ್ಯಾಗ ಬಣ್ಣ ಕಲಸಿ ಕೊಡ್ತಾರಂತ. ತಂದ ಬಣ್ಣ ನೋಡಿದೆ, ಸುಳ್ಳು ಹೇಳಬಾರದು, ಒಂದು ಎಳಿಯಷ್ಟೂ ಫರಕ ಇಲ್ಲ. ಎರಡು ಗ್ವಾಡಿ ಹಚ್ಚಿದ್ರು. ಪಡಸಾಲಿ ನೋಡಿ ನನಗ ಎದಿ ತುಂಬಿ ಬಂತು. ಆಮ್ಯಾಲ ಕೇಳಿದೆ, "ಪೀಸ್ ಎಲ್ಲೈತ್ರಿ?"

"ಇಲ್ಲೇ ಎಲ್ಲೋ ಇತ್ತು ನೋಡ್ರಿ" ಅಂದ.

ಹುಡುಕಿದ್ರ ಅವನ ಆಳು ಅದರಾಗ ಕೈ ಒರಸಾಕತ್ತಿದ್ದ.

ಆ ಪೀಸು ಬಾಜು ಮನಿ ಖಾಲಾಂದು. ಖಾಲಾ ಅಂದ್ರ ಚಿಗವ್ವ, ಇಡೀ ಓಣಿಗೇ ಖಾಲಾ. ಅವರ ತಂಗಿ ಮಗಳ ಲಗ್ನಕ್ಕ ಹೊಸಾ ಸೀರಿ ತಂದು, ಅದರಾಗಿನ ಪೀಸ್ ಕತ್ತರಿಸಿ ನನಗ ಕೊಟ್ಟಿದ್ರು. ಅವತ್ತೇ ಸಂಜಿಗೆ ಸೀರಿ ಕೈಯಾಗ ಹಿಡಕೊಂಡು ಬಂದ್ರು. "ಜಂಪರ ಆತೇನ ಬೇಟಿ? ನಾಳಿಗೆ ಹೋಗಬೇಕು."

ನಾನು ಬಾಯಿ ತೆರಿಯೂದ್ರಾಗ ಅವರ ಕಣ್ಣು ಗ್ವಾಡಿ ಮ್ಯಾಲ ಹೋತು. ಹತ್ರ ಹೋಗಿ ಸೀರಿ ಸೆರಗು ಗ್ವಾಡಿಗೆ ಹಿಡದು ನೋಡಿದ್ರು. "ಯಾ ಅಲ್ಲಾ! ಇದು ನನ್ನ ಸೀರಿ ಬಣ್ಣ ಅಲ್ಲೇನು?"

"ಹೌದ್ರಿ ಖಾಲಾ. ನೀವು ಆರಿಸಿದ ಬಣ್ಣ ಭಾಳ ಚಂದ ಇತ್ತು, ಅದಕ್ಕ ಗ್ವಾಡಿಗೂ ಅದೇ ಹಚ್ಚಿಸಿದ್ವಿ."

ಖಾಲಾಗ ಎಷ್ಟು ಖುಷಿ ಆತಂದ್ರ, ಗ್ವಾಡಿ ಬಾಜು ನಿಂತು ಫೋಟೋ ತಗಸಿಕೊಂಡ್ರು. ಆಮ್ಯಾಲ ನೆನಪಾತು. "ಗ್ವಾಡಿ ಆತು. ಜಂಪರ?"

ಬಣ್ಣ ಹತ್ತಿ ಹಪ್ಪಳ ಆಗಿದ್ದ ಕಡೆ ಕತ್ತರಿಸಿ ಒಗದು, ಉಳದದ್ದರಾಗ ಹೆಂಗೋ ಹೊಲದು ಕೊಟ್ಟೆ. ತೋಳಿಗೆ ಅರಿವಿ ಸಾಲಲಿಲ್ಲ, ಭುಜ ಮುಗಿಯೂದ್ರಾಗ ತೋಳೂ ಮುಗಿದಿತ್ತು. ಖಾಲಾ ಹಾಕ್ಕೊಂಡು ಕನ್ನಡಿ ಮುಂದ ನಿಂತ್ರು. ನಾ ಲಗೂನ, "ಈಗ ಹಿಂಗೇ ನಡದೈತ್ರಿ ಖಾಲಾ" ಅಂದೆ. ಲಗ್ನದಾಗ ಅದನ್ನ ಯಾರ್‍ಯಾರು ನೋಡಿದ್ರೋ ಏನೋ, ಎರಡು ದಿನಕ್ಕ ನಮ್ಮ ಬಾಗಲಿಗೆ ಹೆಣ್ಮಕ್ಕಳ ಪಾಳಿ ಹತ್ತಿತು. "ಖಾಲಾಗ ಹೊಲದಂಗೇ ಹೊಲಿಯವಾ."

ಒಳಗ ಚಾ ಕುಡ್ಕೊಂತ ಕೂತಿದ್ದ ಕಂತ್ರಾಟದಾರ ಅಂದ, "ನೋಡ್ರಿ ಅಕ್ಕಾರ, ನಾವು ಕೈ ಹಚ್ಚಿದ್ರ ಗ್ವಾಡಿ ಅಷ್ಟೇ ಅಲ್ಲ, ವ್ಯಾಪಾರನೂ ಬೆಳಿತೈತಿ."

೩. ವಾಸನಿ

ಅತ್ತಿಗೆ ಕಣ್ಣು ಸರಿ ಕಾಣಂಗಿಲ್ಲ ಅಂದೆನಲ್ಲ, ಹಂಗಂತ ಕೆಲಸದ ಮ್ಯಾಲ ನಿಗಾ ಬಿಟ್ಟಿದ್ದಿಲ್ಲ. ಮೂಗಿಲೆ ನೋಡ್ತಿದ್ರು. ಎರಡನೇ ದಿನ ಕಂತ್ರಾಟದಾರನ್ನ ಕರದು ಕೇಳಿದ್ರು, "ಏನಪಾ, ಗ್ವಾಡಿಗೆ ಏನು ಹಚ್ಚಾಕತ್ತೀರಿ?"

"ಬಣ್ಣರಿ ಅವ್ವಾರ. ಅಗದಿ ಭಾರೀದು. ವಾಸನಿ ಬರೂದೇ ಇಲ್ಲ."

"ವಾಸನಿ ಬರಂಗಿಲ್ಲ ಅಂದ್ರ ಅದು ನೀರು."

"ಅಲ್ರಿ ಅವ್ವಾರ, ಈಗ ಹೊಸಾದು ಬಂದೈತಿ. ದೊಡ್ಡ ದೊಡ್ಡ ಬಂಗ್ಲೆದಾಗ ಇದನ್ನೇ ಹಚ್ಚತಾರ."

"ಬಂಗ್ಲೆದವರಿಗೆ ಮೂಗಿಲ್ಲ ಕಾಣತೈತಿ. ನಮ್ಮ ಲಗ್ನದಾಗ ನಮ್ಮ ಮಾವ ಬಾಗಲಿಗೆ ಬಣ್ಣ ಹಚ್ಚಿಸಿದ್ರು. ಆ ವಾಸನಿಗೆ ನನಗ ಮೂರು ದಿನ ತಲಿ ಸುತ್ತಿತ್ತು. ಅದು ಬಣ್ಣ."

ಇಬ್ಬರೂ ಸೋಲಲಿಲ್ಲ. ಅತ್ತಿ ಮುಂಜಾನಿಯಿಂದ ಸಂಜಿತನಕ "ನೀರು ಹಚ್ಚತಾರ, ನೀರು ಹಚ್ಚತಾರ" ಅಂತ ಹಾದಿ ಹೋಗೋರಿಗೆಲ್ಲಾ ಹೇಳಾಕತ್ತಿದ್ರು. ಕಂತ್ರಾಟದಾರನ ಹೆಸರು ಕೆಡಾಕತ್ತಿತು. ಮರುದಿನ ಅಂವ ಒಂದು ಚಿಪ್ಪಿನ್ಯಾಗ ಟರ್ಪಂಟೈನ್ ಎಣ್ಣಿ ಹಾಕಿ, ಯಾರಿಗೂ ಹೇಳದ, ಅತ್ತಿ ಹಾಸಿಗಿ ಬಾಜು ಕಿಡಕ್ಯಾಗ ಇಟ್ಟ.

ತುಸು ಹೊತ್ತಿಗೆ ಅತ್ತಿ ಎದ್ದು ಕೂತ್ರು. ಮೂಗು ಅರಳಿಸಿದ್ರು. ಕೆಮ್ಮಿದ್ರು. ಕಣ್ಣಾಗ ನೀರು ಬಂತು. ಸೆರಗಿಲೆ ಕಣ್ಣು ಒರಸ್ಕೊಂತ ನನ್ನ ಕರದು ಅಂದ್ರು, "ನಾ ಬೈದಿದ್ದಕ್ಕ ದಾರಿಗೆ ಬಂದಾನ ನೋಡು. ಇವತ್ತು ಖರೇ ಬಣ್ಣ ಹಚ್ಚಾಕತ್ತಾನ."

೪. ಹಿಸೆ

ಒಳಗಿನ ಖೋಲಿಗಳಿಗೆ ಹಚ್ಚೂವಾಗ ಸಾಮಾನೆಲ್ಲಾ ಅಂಗಳಕ್ಕ ತರಬೇಕಾತು. ಟ್ರಂಕು, ಮಂಚ, ತಾಮ್ರದ ಹಂಡೇವು, ಕಾಳಿನ ಚೀಲ, ನನ್ನ ಮಷಿನ್, ಎಲ್ಲಾ ಬಂತು. ತಿರುಗಿ ಇಡಾಕ ಅನುಕೂಲ ಆಗಲಿ ಅಂತ ನಾನು ಶಾಣ್ಯಾತನ ಮಾಡಿದೆ. ನಮ್ಮ ಖೋಲಿ ಸಾಮಾನು ಎಡಕ್ಕ, ಅತ್ತಿ ಮತ್ತ ಮೈದುನನ ಸಾಮಾನು ಬಲಕ್ಕ ಇಡಿಸಿದೆ.

ನಮ್ಮ ಕಡೆ ಅಣ್ಣ-ತಮ್ಮ ಇರೋ ಮನಿ ಅಂಗಳದಾಗ ಸಾಮಾನು ಎರಡು ಗುಂಪಾಗಿ ಬಿತ್ತು ಅಂದ್ರ ಅದಕ್ಕ ಒಂದೇ ಅರ್ಥ. ಹಿಸೆ ಆಗಾಕತ್ತೈತಿ, ಮನಿ ಒಡಿಯಾಕತ್ತೈತಿ. ಇದು ನನ್ನ ತಲಿಗೆ ಹೊಳಿಲೇ ಇಲ್ಲ. ಹಾದಿ ಹೋಗೋರು ನಿಂತು ನೋಡಿ ಲೊಚಗುಟ್ಟಿ ಹೋಗಾಕತ್ತಿದ್ರು. ಒಬ್ಬಾಂವ ಫೋನಿನ್ಯಾಗ ಫೋಟೋನೂ ಹೊಡಕೊಂಡ.

ಮಧ್ಯಾಹ್ನದಾಗ ಓಣಿ ಹಿರಿಯ ಕಾಕಾ ಇನ್ನಿಬ್ಬರನ್ನ ಕರಕೊಂಡು ಬಂದು ಕಟ್ಟಿ ಮ್ಯಾಲ ಕೂತ್ರು. "ಯಾಕವಾ ಹಿಂಗ ಮಾಡಿದ್ರಿ? ತಮ್ಮಗ ಇನ್ನೂ ಲಗ್ನ ಇಲ್ಲ ಏನಿಲ್ಲ. ಸ್ವಲ್ಪ ತಡಕೋಬೇಕಿತ್ತು."

"ಏನು ತಡಕೋಬೇಕ್ರಿ ಕಾಕಾ? ಬಣ್ಣ ಹಚ್ಚಾಕತ್ತೇವಿ."

"ಬಣ್ಣ ಗಿಣ್ಣ ನನ್ನ ಮುಂದ ಹೇಳಬ್ಯಾಡ. ಮೊದಲು ಎಲ್ಲಾರೂ ಹಿಂಗೇ ಏನರೆ ಒಂದು ಹೇಳ್ತಾರ."

ಅಷ್ಟೊತ್ತಿಗೆ ಅಣ್ಣ-ತಮ್ಮ ಇಬ್ಬರೂ ಒಂದೇ ಗಾಡಿ ಮ್ಯಾಲ ಹೊಲದಿಂದ ಬಂದ್ರು. ನಾನು ಅಂದೆ, "ನೋಡ್ರಿ ಕಾಕಾ, ಹೆಂಗ ಜೋಡಿಲೆ ಬಂದಾರ." ಕಾಕಾ ನಿಟ್ಟುಸಿರು ಬಿಟ್ರು. "ಮಂದಿ ಮುಂದ ಚೊಲೊನೇ ಇರ್ತಾರವಾ."

ನಮ್ಮನಿಯವರು ಏನು ಹೇಳಿದ್ರೂ ಕೇಳಲಿಲ್ಲ. ದೊಡ್ಡ ಹಂಡೇವು ಅಣ್ಣಗ, ತಾಯಿ ಯಾರ ಕಡೆ ಇರ್ತಾಳೋ ಎಮ್ಮಿ ಅವರಿಗೆ ಅಂತ ಹಂಚಾಕೇ ಸುರು ಮಾಡಿಬಿಟ್ರು. ಒಬ್ಬರು ಒಳಗ ಬೊಟ್ಟು ಮಾಡಿ, "ಆ ನಿಚ್ಚಣಿಕಿ ಚೊಲೊ ಐತಿ, ಅದು ತಮ್ಮಗಿರಲಿ" ಅಂದ್ರು. ಕಂತ್ರಾಟದಾರ ಒಳಗಿಂದ ಕೈಯಾಗ ಬ್ರಷ್ ಹಿಡಕೊಂಡು ಓಡಿ ಬಂದ. "ಅದು ನಂದ್ರಿ!"

ಅವನ ಬ್ರಷ್ ನೋಡಿದ ಮ್ಯಾಲನೇ ಹಿರಿಯರಿಗೆ ನಮ್ಮ ಮಾತು ಖರೇ ಅನಿಸಿದ್ದು. ಆದ್ರ ಆ ಹೊತ್ತಿಗೆ ಆ ಫೋಟೋ ಯಾರದೋ ಸ್ಟೇಟಸ್ ಹತ್ತಿ, ಅಲ್ಲಿಂದ ಇಲ್ಲಿಂದ ಹಾದು ಕುಂದಗೋಳ ಮುಟ್ಟಿತ್ತು. ಸಂಜಿಗೆ ಹುಡುಗಿ ಅಪ್ಪನ ಫೋನ್ ಬಂತು. "ನಿಮ್ಮಲ್ಲಿ ಹಿಸೆ ಆತಂತ? ಮನ್ಯಾಗ ಜಗಳ ಐತೇನ್ರಿ? ಇದ್ದದ್ದು ಹೇಳ್ರಿ, ನಮ್ಮದು ಒಬ್ಬಾಕಿ ಮಗಳು." ನಾನು ಇದ್ದದ್ದೆಲ್ಲಾ ಹೇಳಿದೆ. "ಆತ್ರಿ, ನೋಡೂಣು" ಅಂದು ಇಟ್ಟುಬಿಟ್ರು. ಆ "ನೋಡೂಣು" ಕೇಳಿ ನಮ್ಮ ಹುಡುಗನ ಮಾರಿ ಸಪ್ಪಗಾತು. ಅರ್ಧಾ ರೊಟ್ಟಿ ತಿಂದು ಎದ್ದ. ನನಗ ಆ ಸ್ಟೇಟಸ್ ಹಾಕಿದಾಂವನ್ನ ಹಿಡದು ಬಡಿಬೇಕು ಅನಿಸಿತು.

ಫೋನ್ ಸುದ್ದಿ ಕೇಳಿ ಕಾಕಾಗ ಭಾಳ ಕೆಟ್ಟ ಅನಿಸಿತು. ತಿರುಗಿ ಬಂದ್ರು. "ನಮ್ಮಿಂದ ಆದದ್ದು, ನಾವೇ ಸರಿ ಮಾಡ್ತೇವಿ" ಅಂತ ಅಣ್ಣ-ತಮ್ಮನ್ನ ಎದುರಾಬದುರ ಕೂಡಿಸಿ, ಒಬ್ಬರ ಬಾಯಾಗ ಒಬ್ಬರ ಕೈಲೆ ಸಕ್ಕರಿ ಹಾಕಿಸಿ, ಇನ್ನ ಮ್ಯಾಲ ಕೂಡಿ ಬಾಳ್ರಿ ಅಂತ ಹರಸಿ ಹೋದ್ರು. ಜಗಳಾನೇ ಆಡದವರಿಗೆ ರಾಜಿ ಮಾಡಿಸಿದ ಪಂಚರು ನಮ್ಮೂರಾಗ ಬಿಟ್ರ ಎಲ್ಲಿ ಸಿಗತಾರ ಹೇಳ್ರಿ.

೫. ಹುಡುಗನ್ನ ನೋಡಿದ್ವಿ

ಮರುದಿನ ಕಂತ್ರಾಟದಾರನ ಇಬ್ಬರು ಆಳೂ ಬರಲಿಲ್ಲ. ಅಂವೊಬ್ಬನೇ ಬಂದ, ಅದೂ ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಪ್ಯಾಂಟು, ಮೈಗೆಲ್ಲಾ ಅತ್ತರ. ನವಲಗುಂದದಾಗ ಯಾರದೋ ಮನಿ ಶಾಂತಿ ಇತ್ತಂತ, ಊಟಕ್ಕ ಹೋಗಾಕತ್ತಿದ್ದ. ಪಡಸಾಲ್ಯಾಗ ಒಂದು ಗ್ವಾಡಿ ಇನ್ನೂ ಉಳದಿತ್ತು. "ನಾಳಿಗೆ ನೋಡೂಣ್ರಿ" ಅಂದ. ನಮ್ಮನಿಯವರು ಔಷಧ ಹೊಡ್ಯಾಕ ಹೊಲಕ್ಕ ಹೋಗಿದ್ರು.

ಮೈದುನಗ ತಡಿಯಲಿಲ್ಲ. ಹರಕ ಬನೀನು ಹಾಕ್ಕೊಂಡ, ಲುಂಗಿ ಎತ್ತಿ ಕಟ್ಟಿದ, ತಲಿಗೆ ಟವೆಲ್ಲು ಸುತ್ತಿ, ತಾನೇ ಬ್ರಷ್ ಹಿಡದು ನಿಚ್ಚಣಿಕಿ ಏರಿಬಿಟ್ಟ. ಕಂತ್ರಾಟದಾರ ಕುರ್ಚಿ ಮ್ಯಾಲ ಕಾಲ ಮ್ಯಾಲ ಕಾಲ ಹಾಕ್ಕೊಂಡು, "ಮ್ಯಾಲಿಂದ ಕೆಳಗ ಎಳೀಪಾ" ಅಂತ ಹೇಳ್ಕೊಂತ ಚಾ ಕುಡ್ಯಾಕತ್ತಿದ್ದ. ಅಡಗಿಮನಿ ಬಣ್ಣ ಇನ್ನೂ ಹಸಿ ಇತ್ತು, ಅದಕ್ಕ ನಾನು ಹಿತ್ತಲದಾಗ ಮೂರು ಕಲ್ಲು ಹೂಡಿ ರೊಟ್ಟಿ ಬಡ್ಯಾಕತ್ತಿದ್ದೆ. ಅತ್ತಿ ಮುಂಜಾನಿಯಿಂದ ಅಲ್ಲೇ ಮಂಚದ ಮ್ಯಾಲ ಕೂತಿದ್ರು. ಮುಂದ ಮಗ ಬಣ್ಣ ಹಚ್ಚಾಕತ್ತಿದ್ದು ಅವರಿಗೆ ಗೊತ್ತಿಲ್ಲ.

ಇಂಥಾ ಹೊತ್ತಿನ್ಯಾಗ, ಹೇಳದ ಕೇಳದ, ಕುಂದಗೋಳದವರು ಬಂದುಬಿಟ್ರು. ಹಿಸೆ ಸುದ್ದಿ ಖರೇನೋ ಸುಳ್ಳೋ ಕಣ್ಣಾರೆ ನೋಡೂಣು ಅಂತ ಹುಡುಗಿ ಅಪ್ಪ, ಹುಡುಗಿ ಸೋದರತ್ತಿ ಇಬ್ಬರೇ ಬಾಡಿಗಿ ಕಾರು ಮಾಡಿಕೊಂಡು ಬಂದಿದ್ರು. ಹುಡುಗನ ಫೋಟೋ ಅವರ ಹತ್ರ ಇತ್ತು ಖರೇ. ಆದ್ರ ಆ ಫೋಟೋ ಸ್ಟುಡಿಯೋದಾಂವ ತಿದ್ದಿ ತಿದ್ದಿ ಬೆಳ್ಳಗ ಮಾಡಿ, ಮೈಮ್ಯಾಲ ಕೋಟು ಕೂಡಿಸಿದ್ದು. ಅದನ್ನ ನೋಡಿ ನಾನೇ ಮೊದಲ ಸಲ ಯಾರಿವರು ಅಂತ ಕೇಳಿದ್ದೆ.

ಬಾಗಲದಾಗ ನಿಂತು ಅವರು ನೋಡಿದ್ದು ಏನು? ಕುರ್ಚಿ ಮ್ಯಾಲ ಬಿಳಿ ಅರಿವಿ ಹಾಕ್ಕೊಂಡಾಂವ ಒಬ್ಬ, ಗ್ವಾಡಿಗೆ ಬಣ್ಣ ಹಚ್ಚಾಂವ ಒಬ್ಬ. ಯಾರು ಹುಡುಗ ಅಂತ ಕೇಳೂ ಅಗತ್ಯನೇ ಅವರಿಗೆ ಕಾಣಲಿಲ್ಲ. ಕಂತ್ರಾಟದಾರಗ ಇವರು ಹೆಣ್ಣಿನವರು ಅಂತ ಗೊತ್ತಾತು. ನಮಗ ಉಪಕಾರ ಮಾಡೂಣು ಅಂತ ಎದ್ದು ನಿಂತು, "ಬರ್ರಿ ಬರ್ರಿ, ಕೂಡ್ರಿ" ಅಂತ ಕರದು ಸುರು ಹಚ್ಚಿಕೊಂಡ. "ಈ ಗ್ವಾಡಿ ನೋಡ್ರಿ. ಹತ್ತು ವರ್ಷ ಇದಕ್ಕ ಏನೂ ಆಗಂಗಿಲ್ಲ. ಹುಡುಗಿಗೆ ಬ್ಯಾರೆ ಬಣ್ಣ ಬೇಕಂದ್ರ ಹೇಳ್ರಿ, ಬದಲಿ ಮಾಡೂಣು. ನಿಮ್ಮನಿ ಹೆಂಗೈತ್ರಿ? ಅದಕ್ಕೂ ಬಂದು ಹಚ್ಚಿ ಕೊಡ್ತೇನಿ, ನೀವು ಚಿಂತಿ ಬಿಡ್ರಿ." ಹುಡುಗಿ ಅಪ್ಪಗ ನಡುವ ಒಂದು ಮಾತು ಆಡಾಕ ಸಂದಿ ಸಿಗಲಿಲ್ಲ.

ಸೋದರತ್ತಿ ಭಾಳ ಹುಷಾರ ಹೆಣ್ಮಗಳು. ಸಂಬಂಧ ಮಾಡೂವಾಗ ಮನಿಯವರನ್ನ ಕೇಳಬಾರದು, ಮನ್ಯಾಗ ದುಡಿಯೋ ಮಂದಿನ್ನ ಕೇಳಬೇಕು ಅನ್ನೂದು ಅವರ ರೀತಿ. ಸಾವಕಾಶ ಗ್ವಾಡಿ ಹತ್ರ ಹೋಗಿ, ಸಣ್ಣ ದನಿಲೆ ಕೇಳಿದ್ರಂತ, "ಏನಪಾ, ಈ ಮನ್ಯಾಗ ಭಾಳ ದಿನದಿಂದ ಕೆಲಸ ಮಾಡ್ತೀಯೇನು?"

ನಮ್ಮ ಹುಡುಗಗ ಇವರು ಯಾರಂತ ತಿಳಿದಿತ್ತು. ನಾನೇ ಹುಡುಗ ಅನ್ನಬೇಕು, ಆದ್ರ ಹರಕ ಬನೀನು ನೋಡ್ಕೊಂಡು ನಾಚಿಗಿ ಬಂತಂತ. "ಹುಟ್ಟಿದಾಗಿಂದ್ರಿ" ಅಂದ.

"ಹಂಗಾದ್ರ ನಿನಗ ಎಲ್ಲಾ ಗೊತ್ತಿರಬೇಕು. ಇದ್ದದ್ದು ಹೇಳು. ಹುಡುಗ ಹೆಂಗ?"

"ಸುಮಾರು ಅದಾನ್ರಿ."

"ಕುಡಿತಾನೇನು?"

"ಚಾ ಭಾಳ ಕುಡಿತಾನ್ರಿ."

"ಅಣ್ಣ, ವೈನಿ ಹೆಂಗ?"

"ಅಣ್ಣ ದೇವರಂಥಾವ್ರಿ. ವೈನಿ ಬಾಯಿ ಜೋರೈತಿ, ಆದ್ರ ತಾಯಿಗಿಂತ ಹೆಚ್ಚು ನೋಡ್ತಾರ್ರಿ." ಈ ಮಾತಿನ ಮೊದಲ ಅರ್ಧಕ್ಕ ಆಮ್ಯಾಲ ನಾ ಅಂವನ್ನ ಚೊಲೊತ್ನಾಗಿ ವಿಚಾರಿಸ್ಕೊಂಡೆ. ಎರಡನೇ ಅರ್ಧಕ್ಕ ಒಳಗ ಹೋಗಿ ಕಣ್ಣೀರು ಹಾಕಿದೆ.

"ನಮ್ಮ ಹುಡುಗಿ ಬಂದ್ರ ಚೊಲೊ ನೋಡ್ಕೊಂತಾನೇನು?"

ಆವಾಗ ಅಂವ ಬ್ರಷ್ ನಿಲ್ಲಿಸಿದನಂತ. "ನೋಡ್ಕೊಂತಾನ್ರಿ. ಆಕಿಗೆ ಈ ಬಣ್ಣ ಸೇರತೈತೋ ಇಲ್ಲೋ ಅನ್ನೂದೇ ಅವನ ಚಿಂತಿ ಆಗೇತಿ."

ಸೋದರತ್ತಿ ಮನಿ ಎಲ್ಲಾ ನೋಡ್ಕೊಂತ ಹಿತ್ತಲಕ್ಕ ಬಂದಾಗಲೇ ನನಗ ಇವರು ಬಂದದ್ದು ಗೊತ್ತಾದದ್ದು. ಹಿಟ್ಟಿನ ಕೈಲೆ ಎದ್ದು ನಿಂತೆ. ಅವರು ಅತ್ತಿ ಬಾಜು ಮಂಚದ ಮ್ಯಾಲ ಕೂತು ತಾವು ಯಾರಂತ ಹೇಳಿ, ಸೀದಾ ಮಾತಿಗೆ ಬಂದ್ರು.

"ಹುಡುಗನ್ನ ನೋಡಿದ್ವಿ ಅವ್ವಾರ. ತಪ್ಪು ತಿಳಿಬ್ಯಾಡ್ರಿ, ನಮಗ ಆಗಿ ಬರಂಗಿಲ್ಲ. ವಯಸ್ಸು ಹೆಚ್ಚು, ಮಾತು ಅದಕ್ಕೂ ಹೆಚ್ಚು. ಬಂದು ಕೂತ ಘಳಿಗಿಗೇ ನಮ್ಮನಿಗೂ ಬಣ್ಣ ಹಚ್ಚತೇನಿ ಅಂತಾನ."

ನಮ್ಮ ಹುಡುಗ, ಮಾತು ಹೆಚ್ಚು? ಅತ್ತಿ ಮಾರಿ ಸಣ್ಣದಾತು. ಸೋದರತ್ತಿ ದನಿ ಇಳಿಸಿದ್ರು. "ಆದ್ರ ಒಂದು ಮಾತು ಕೇಳ್ತೇನಿ. ಮುಂದ ಬಣ್ಣ ಹಚ್ಚಾಕತ್ತಾನಲ್ಲ, ಆ ಹುಡುಗಗ ಲಗ್ನ ಆಗೇತೇನು? ಎಷ್ಟು ಸರಳ ಅದಾನ! ಉಂಡ ಮನಿ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅಂಥಾವಂಗ ಹೊಲ ಮನಿ ಇಲ್ದಿದ್ರೂ ನಾವು ಹುಡುಗಿ ಕೊಡ್ತೇವಿ."

ನನಗ ಎಲ್ಲಾ ಹೊಳೀತು. ಬಾಯಿ ತೆರದೆ. ಆದ್ರ ಅಷ್ಟೊತ್ತಿಗೆ ಅತ್ತಿ ಸಿಟ್ಟು ನೆತ್ತಿಗೆ ಏರಿತ್ತು. ತಮ್ಮ ಮಗನ್ನ ಒಲ್ಲೆ ಅಂದು ಬಣ್ಣದಾವಂಗ ಹುಡುಗಿ ಕೊಡ್ತಾರಂದ್ರ!

"ಅವನಾ? ಆ ಬಣ್ಣ ಹಚ್ಚಾಂವಾ?" ಅಂತ ಎದ್ದು ನಿಂತ್ರು. "ಅಗದಿ ಮೈಗಳ್ಳ ಅದಾನ! ಮುಂಜಾನಿಯಿಂದ ಒಂದು ಗ್ವಾಡಿ ಮುಗಿಸಿಲ್ಲ! ಮೂರು ಸಲ ಚಾ ಕುಡದಾನ!"

"ಅತ್ತಿ, ಸುಮ್ನಿರ್ರಿ" ಅಂತ ನಾನು ಹಿಟ್ಟಿನ ಕೈಲೆ ಅವರ ಬಾಯಿ ಮುಚ್ಚಾಕ ಹೋದೆ. ನನ್ನ ಕೈ ಸರಿಸಿ ಇನ್ನೂ ಜೋರು ಮಾಡಿದ್ರು.

"ನನಗ್ಯಾಕ ಸುಮ್ನಿರು ಅಂತಿ? ಹೇಳೇ ಹೇಳ್ತೇನಿ! ಅಂವಂದಲ್ಲ ತಪ್ಪು, ಅಂವನ್ನ ಹಡದಾಳಲ್ಲ ಆ ತಾಯಿದು! ಒಂದು ಕೆಲಸ ಕಲಿಸಿಲ್ಲ, ಒಂದು ಬುದ್ಧಿ ಹೇಳಿಲ್ಲ. ಆಕಿ ನನ್ನ ಕೈಗೆ ಸಿಕ್ಕಿದ್ರ ಚೊಲೊತ್ನಾಗಿ ಕೇಳ್ತಿದ್ದೆ!"

ಆವಾಗ ಹಿತ್ತಲ ಬಾಗಲದಾಗ ನಮ್ಮ ಮೈದುನ ಬಂದು ನಿಂತ. ಮಾರಿ ತುಂಬ ಗಿಳಿ ಹಸರು, ಕೈಯಾಗ ಖಾಲಿ ಕಪ್ಪು.

"ಯವ್ವಾ, ಬೀಗರು ಬಂದಾರ. ನನ್ನ ಹೊಸಾ ಅಂಗಿ ಯಾವ ಟ್ರಂಕಿನ್ಯಾಗ ಐತಿ?"

ಹೆಂಚಿನ ಮ್ಯಾಲಿನ ರೊಟ್ಟಿ ಸೀಯಾಕತ್ತಿತ್ತು. ಸೋದರತ್ತಿ ಅಂವನ್ನ ನೋಡಿದ್ರು, ಅತ್ತಿನ್ನ ನೋಡಿದ್ರು, ಮತ್ತ ಅಂವನ್ನ ನೋಡಿದ್ರು. ಅತ್ತಿ ಸೆರಗು ಬಾಯಿಗೆ ಹಿಡಕೊಂಡು ಹಂಗೇ ಮಂಚದ ಮ್ಯಾಲ ಕುಸದ್ರು. ಸೋದರತ್ತಿ ಅವರ ಕೈ ಹಿಡದು, ನಗು ತಡಕೊಂತ ಅಂದ್ರು:

"ಹೋಗ್ಲಿ ಬಿಡ್ರಿ. ಹಡದ ತಾಯಿಗೆ ಇನ್ನ ಏನೂ ಅನ್ನೂದು ಬ್ಯಾಡ. ಆಕಿ ನಮಗ ಬೀಗತಿ ಆದ್ಲು."